ಕಲ್ಲಿನ ಅಜ್ಜಿಗಿಂತ ವಿಮಾನದ ಡಾಕ್ಟರಿಗೇ ಜಾಸ್ತಿ ದುಡ್ಡು

ಮಾನ್ಯರೇ,

ಮಗಳ ಮನೆಗೆಂದು ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದಿದ್ದೇನೆ. ಸಂಜೆ ಹೊತ್ತು ಮೊಮ್ಮಗಳ ಜೊತೆ ಹೋಗಿ ಕೂರುವ ಒಂದು ತೋಟದ ಬಗ್ಗೆ ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ಪಯೋನಿಯರ್ ವಿಮೆನ್ಸ್ ಮೆಮೋರಿಯಲ್ ಗಾರ್ಡನ್ ಎಂದು ಅದರ ಹೆಸರು. 1836ರಿಂದ ಈಚೆಗೆ ಹಡಗಿನಲ್ಲಿ ಬಂದು ಇಲ್ಲಿ ನೆಲೆ ನಿಂತ ಹೆಂಗಸರ ನೆನಪಿಗೆ ಮಾಡಿದ್ದು. ನಡುವೆ ಸುಣ್ಣಕಲ್ಲಿನ ಒಬ್ಬ ಹೆಂಗಸು ನಿಂತಿದ್ದಾಳೆ. ಕುದುರೆ ಇಲ್ಲ, ಕತ್ತಿ ಇಲ್ಲ. ಅವಳನ್ನು ಕೆತ್ತಿದ ಓಲಾ ಕೋನ್, ತೋಟದ ನಕ್ಷೆ ಮಾಡಿದ ಎಲ್ಸಿ ಕಾರ್ನಿಶ್, ಇಬ್ಬರೂ ಹೆಣ್ಣುಮಕ್ಕಳೇ. ಇಲ್ಲಿನ ಸಾಹಿತ್ಯ ವಾರ ಎಷ್ಟೋ ವರ್ಷ ನಡೆದಿರುವುದೂ ಈ ಮರಗಳ ನೆರಳಲ್ಲೇ.

ಆದರೆ ನನ್ನ ಮನಸ್ಸು ತುಂಬಿ ಬಂದದ್ದು ದುಡ್ಡಿನ ಲೆಕ್ಕ ತಿಳಿದಾಗ. 1936ಕ್ಕೆ ಇಲ್ಲಿನ ವಸಾಹತಿಗೆ ನೂರು ವರ್ಷ ತುಂಬಿತು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಅಡಿಲೇಡ್ ಮೀತ್ಕೆ ಎಂಬಾಕೆಯ ಮುಂದಾಳತ್ವದಲ್ಲಿ ಹೆಂಗಸರೆಲ್ಲ ಸೇರಿ ಹಣ ಕೂಡಿಸಿದರು. ಅದರಲ್ಲಿ 5,000 ಪೌಂಡನ್ನು ದೂರದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವಿಮಾನದ ಡಾಕ್ಟರ್ ಸೇವೆಯ, ಅಂದರೆ ವಿಮಾನದಲ್ಲಿ ರೋಗಿಗಳಿದ್ದಲ್ಲಿಗೇ ಡಾಕ್ಟರ್ ಹೋಗುವ ಸೇವೆಯ, ಕೇಂದ್ರಕ್ಕೆ ಕೊಟ್ಟರು. ಉಳಿದದ್ದು ತೋಟಕ್ಕೆ. ಪ್ರತಿಮೆ ಸಿದ್ಧವಾಗಿದ್ದು ಆಮೇಲೆ, 1941ರಲ್ಲಿ.

ಆ ಕಾಲದ ಒಳನಾಡಿನ ಮನೆ ನೆನೆಸಿಕೊಳ್ಳಿ. ಹೆರಿಗೆ ನೋವು ಶುರುವಾದರೆ ಡಾಕ್ಟರ್ ಇರುವುದು ನೂರಾರು ಮೈಲಿ ಆಚೆ. ಸೈಕಲ್ ತುಳಿದ ಹಾಗೆ ಪೆಡಲ್ ತುಳಿದು, ಕರೆಂಟ್ ಹುಟ್ಟಿಸಿ, ರೇಡಿಯೋದಲ್ಲಿ ಕೂಗಬೇಕಿತ್ತು. ಆ ಕೂಗಿಗೆ ಓಗೊಡುವುದಕ್ಕೆ ದುಡ್ಡು ಹೋಯಿತು. ಅದೇ ರೇಡಿಯೋದಲ್ಲಿ ಮಕ್ಕಳಿಗೆ ಪಾಠ ಹೇಳಬಹುದಲ್ವಾ ಎಂದು ಮೀತ್ಕೆ ಆಮೇಲೆ ಯೋಚಿಸಿದರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದಲೇ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ನಮ್ಮೂರುಗಳಲ್ಲೂ ಪ್ರತಿಮೆಗೆಂದು ಚಂದಾ ಎತ್ತುವವರು ದಯವಿಟ್ಟು ಇದನ್ನು ನೋಡಲಿ. ಕಲ್ಲಿಗೆ ಕೊಡುವ ಮೊದಲು ಹತ್ತಿರದ ಹೆರಿಗೆ ಆಸ್ಪತ್ರೆಗೋ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೋ ಒಂದು ಪಾಲು ತೆಗೆದಿಡಲಿ.

ಒಂದು ಕೊರಗು ಮಾತ್ರ ನನಗಿದೆ. ಇದು ಇಲ್ಲಿನ ಮೂಲನಿವಾಸಿಗಳಾದ ಕೌರ್ನಾ ಜನರ ನೆಲ. ಹಡಗು ಬರುವ ಎಷ್ಟೋ ಮೊದಲೇ ಅವರ ಹೆಂಗಸರು ಇಲ್ಲೇ ಹತ್ತಿರದ ಹೊಳೆ ದಡದಲ್ಲಿ ಮಕ್ಕಳನ್ನು ಹೆತ್ತು ಸಾಕಿದ್ದರು. 'ಪಯೋನಿಯರ್' ಎಂದ ಕೂಡಲೇ ಅವರು ಹೊರಗೆ ಉಳಿಯುತ್ತಾರೆ. "ಈ ಅಜ್ಜಿ ಯಾರು?" ಎಂದು ಮೊಮ್ಮಗಳು ಕೇಳಿದಾಗ ಕಲ್ಲಿನ ಅಜ್ಜಿಯ ಕಥೆ ಹೇಳಿದೆ. ವಾಪಸ್ ಬರುವಾಗ ಅವಳನ್ನು ಹೊಳೆಯ ಹತ್ತಿರ ಕರೆದುಕೊಂಡು ಹೋದೆ. ಎಲ್ಲರೂ ಟೊರೆನ್ಸ್ ಅನ್ನುವ ಆ ಹೊಳೆಗೆ ಕೌರ್ನಾ ಭಾಷೆಯಲ್ಲಿ ಇರುವ ಹೆಸರನ್ನು ಇಬ್ಬರೂ ಜೋರಾಗಿ ಹೇಳಿದೆವು: ಕರ್ರಾವಿರ್ರಾ ಪರ್ರಿ.

ಒಬ್ಬ ಓದುಗಿ, ಮೈಸೂರು
(ಸದ್ಯ ಅಡಿಲೇಡ್)