ಎಫ್ ಕೀ ಮೇಲೆ ಬೆರಳಿಟ್ಟು ನೋಡು

ದಾವಣಗೆರೆ

ಪ್ರೀತಿಯ ತಮ್ಮಾ,

ನಿನ್ನ ಕತೆ ಓದಿದೆ. ಚಂದ್ರವಳ್ಳಿ ಕೆರೆ ದಂಡೆಯ ಆ ಮುದುಕಿಯನ್ನು ಇನ್ನೂ ನಾಲ್ಕು ಪುಟ ಮಾತಾಡಿಸಬೇಕಿತ್ತು. ಮೊಬೈಲಿನಲ್ಲಿ ಹೊಡೆದು ಹೊಡೆದು ಹೆಬ್ಬೆರಳು ನೋವು ಬಂತು, ಅದಕ್ಕೇ ಮುಗಿಸಿಬಿಟ್ಟೆ ಅಂತ ಬರೆದಿದ್ದೀಯಲ್ಲ, ಓದಿ ಸಂಕಟವಾಯಿತು. ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಕೀಬೋರ್ಡ್ ಒಂದನ್ನು ತಗೋ. ಯಾವ ಕಂಪನಿಯದು ಅಂತ ನಾನು ಹೇಳುವುದಿಲ್ಲ, ಹೇಗೆ ನೋಡಿ ತಗೋಬೇಕು ಅಂತ ಹೇಳುತ್ತೇನೆ.

ನೀನು ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತವನು. ಅಂದರೆ ನಿನ್ನ ಬೆರಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸ. ಅದರಲ್ಲಿ ಒತ್ತಕ್ಷರ ಹುಟ್ಟುವುದೇ ಎಫ್ ಕೀಯಿಂದ. ‘ಕನ್ನಡ’ ಅನ್ನಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಒಂದು ಪುಟ ಬರೆಯುವಷ್ಟರಲ್ಲಿ ಆ ಒಂದು ಕೀ ಎಷ್ಟು ಪೆಟ್ಟು ತಿನ್ನುತ್ತದೆ ಯೋಚಿಸು. ಹಿಂದೊಮ್ಮೆ ನಾನು ಅಗ್ಗಕ್ಕೆ ಸಿಕ್ಕಿತೆಂದು ಮಡಿಚುವ ಕೀಬೋರ್ಡ್ ಒಂದನ್ನು ತಂದಿದ್ದೆ. ಎರಡೇ ತಿಂಗಳಿಗೆ ಅದರ ಎಫ್ ಸೋತಿತು. ಬಸ್ಸಿನಲ್ಲಿ ಕೂತು ಚಿತ್ರದುರ್ಗ ಮುಟ್ಟುವ ತನಕ ಹೊಡೆದೆ, ಇಳಿದು ನೋಡಿದರೆ ‘ಅಮ್ಮ’ ಇದ್ದಲ್ಲೆಲ್ಲ ‘ಅಮಮ’, ‘ಹಳ್ಳ’ ಇದ್ದಲ್ಲೆಲ್ಲ ‘ಹಳಳ’. ತಿದ್ದಲು ಎರಡು ದಿನ ಹಿಡಿಯಿತು. ಬರೆಯುವಾಗಿನ ಬಿಸಿ ಮಾತ್ರ ಆ ಕತೆಗೆ ಮತ್ತೆ ಬರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಅಂಗಡಿಯಲ್ಲಿ ಎಫ್ ಮೇಲೆ ಬೆರಳಿಟ್ಟು ಮೂಲೆ ಮೂಲೆಯಿಂದ ಒತ್ತಿ ನೋಡು. ಅಂಚಿನಲ್ಲಿ ಒತ್ತಿದರೂ ಅಕ್ಷರ ಬೀಳಬೇಕು.

ಆಮೇಲೆ ಶಿಫ್ಟ್. ದೀರ್ಘಕ್ಕೂ ಅದೇ, ಮಹಾಪ್ರಾಣಕ್ಕೂ ಅದೇ, ಣ ಮತ್ತು ಳಕ್ಕೂ ಅದೇ. ಸಣ್ಣ ಕೀಬೋರ್ಡುಗಳಲ್ಲಿ ಬಲಗಡೆಯ ಶಿಫ್ಟನ್ನು ಉಗುರಿನಷ್ಟು ಮಾಡಿಟ್ಟಿರುತ್ತಾರೆ, ಕಿರುಬೆರಳು ತಡಕಾಡುತ್ತದೆ. ಮನೆಯ ಕಂಪ್ಯೂಟರ್ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡು ಹೋಗು. 17ಕ್ಕಿಂತ ಕಡಿಮೆ ಇದ್ದರೆ ಬೇಡ.

ಮಡಿಚುವುದು ಬೇಕೇ ಬೇಕು ಅಂದರೆ, ಬಿಚ್ಚಿದ ಮೇಲೆ ತೊಡೆಯ ಮೇಲಿಟ್ಟು ನೋಡು. ನಡುವೆ ಕುಸಿಯುವಂಥದ್ದು ಮೇಜಿಗಷ್ಟೇ ಸರಿ. ನನ್ನ ಕೇಳಿದರೆ ಮಡಿಕೆಯಿಲ್ಲದ, ತೆಳ್ಳಗಿನ ಒಂದೇ ಹಲಗೆಯಂಥದ್ದೇ ಮೇಲು. ನಿನ್ನ ಹೆಗಲಚೀಲದಲ್ಲಿ ಅದಕ್ಕೆ ಜಾಗವಿದೆ.

ಇನ್ನೊಂದು ಮಾತು ಮರೆಯಬೇಡ. ಮೊಬೈಲ್ ಪರದೆಯ ಮೇಲೆ ಕನ್ನಡ ಬರುತ್ತದೆ ಎಂದ ಮಾತ್ರಕ್ಕೆ ಹೊರಗಿನ ಕೀಬೋರ್ಡಿನಲ್ಲೂ ಬಂದೇ ಬರುತ್ತದೆ ಅಂದುಕೊಳ್ಳಬೇಡ. ಕೆಲವು ಆ್ಯಪ್‌ಗಳು ಪರದೆಗೆ ಮಾತ್ರ ಒದಗುತ್ತವೆ, ಬ್ಲೂಟೂತ್ ಜೋಡಿಸಿದೊಡನೆ ಬರೀ ಇಂಗ್ಲಿಷ್ ಬೀಳುತ್ತದೆ. ದುಡ್ಡು ಕೊಡುವ ಮೊದಲು ನಿನ್ನದೇ ಫೋನಿಗೆ ಜೋಡಿಸಿ ‘ಸ್ತ್ರೀ’, ‘ರಾಷ್ಟ್ರ’, ‘ಸೂರ್ಯ’ ಹೊಡೆದು ನೋಡು. ಈ ಮೂರು ಸರಿ ಬಂದರೆ ಉಳಿದದ್ದು ಬರುತ್ತದೆ. ಐದು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಹೊಡೆ. ಬ್ಯಾಟರಿ ಉಳಿಸಲು ಕೀಬೋರ್ಡ್ ಮಲಗಿರುತ್ತದೆ, ಎಚ್ಚರಗೊಳ್ಳುವಷ್ಟರಲ್ಲಿ ಕೆಲವದ್ದರಲ್ಲಿ ಮೊದಲ ಎರಡು ಮೂರು ಅಕ್ಷರ ನುಂಗಿಹೋಗುತ್ತವೆ. ಬರೆಯುವವರು ನಡುನಡುವೆ ಯೋಚಿಸುತ್ತಾ ಕೂರುವವರು, ನಮಗೆ ಅದು ಆಗಿಬರುವುದಿಲ್ಲ.

ಈಗಲೇ ದುಡ್ಡು ಸುರಿಯಬೇಡ. ಒಟಿಜಿ ಕನೆಕ್ಟರ್ ಎಂಬ ಪುಟ್ಟ ಕೊಂಡಿಯೊಂದನ್ನು ತಂದು ಯಾರದಾದರೂ ಹಳೆಯ ಯುಎಸ್‌ಬಿ ಕೀಬೋರ್ಡನ್ನು ಫೋನಿಗೆ ಸಿಕ್ಕಿಸಿ ಒಂದು ವಾರ ಬರೆ. ಹತ್ತು ಬೆರಳಿನಲ್ಲಿ ಬರೆಯುವಾಗ ನಿನ್ನ ವಾಕ್ಯ ಎಷ್ಟು ಉದ್ದಕ್ಕೆ ಹೋಗುತ್ತದೆ ನೋಡಿಕೋ.

ಬರುವ ಭಾನುವಾರ ಇಲ್ಲಿಗೆ ಬಾ. ಬೆಣ್ಣೆದೋಸೆ ತಿಂದು ಇಬ್ಬರೂ ಅಂಗಡಿಗೆ ಹೋಗೋಣ. ಆ ಮುದುಕಿ ಹೇಳದೆ ಉಳಿಸಿಕೊಂಡ ಮಾತೇನು ಅಂತ ಬಸ್ಸಿನಲ್ಲಿ ಯೋಚಿಸಿಕೊಂಡು ಬಾ, ಸಂಜೆ ನಮ್ಮನೆ ಮೇಜಿನ ಮೇಲೆ ಅದನ್ನೇ ಹೊಡೆಯುವಿಯಂತೆ.

ನಿನ್ನ
ಅಕ್ಕ