ಗಾಳ ಬಿಡಿಸಿಕೊಟ್ಟ ಅಣ್ಣನಿಗೆ ಥ್ಯಾಂಕ್ಸ್

ಮರವಂತೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾಯಿ ಕರೆದುಕೊಂಡು ಬರುವವರಿಗೂ ಜಾಗ ಕೊಡುತ್ತೇವೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಹಾಗಾಗಿ ಬಂದವರಿಗೆ ನಾನು ಮೊದಲು ಹೇಳುವುದೇ 'ನಾಯಿಯ ಬೆಲ್ಟ್ ಬಿಚ್ಚಬೇಡಿ' ಅಂತ. ಲಾರಿಗಳ ಭಯ. ಗಾಳದ ಯೋಚನೆ ಮಾತ್ರ ಬಂದಿರಲೇ ಇಲ್ಲ.

ಕಳೆದ ಭಾನುವಾರ ಬೆಂಗಳೂರಿನವರ ಲ್ಯಾಬ್ರಡಾರ್ ಮರಳಲ್ಲಿ ಬಿದ್ದಿದ್ದ ಮೀನಿನ ತುಂಡಿಗೆ ಬಾಯಿ ಹಾಕಿತು. ಅದರೊಳಗಿದ್ದ ಗಾಳ ತುಟಿಗೆ ಚುಚ್ಚಿಕೊಂಡಿತು. ನಾಯಿಯ ಕೂಗು, ಅವರ ಮಗಳ ಅಳು. ಪಶು ಆಸ್ಪತ್ರೆಗೆ ರಜೆ. ನಾನೋ, ಎಳೆದೇ ಬಿಡೋಣ ಅಂತ ಕೈ ಹಾಕಿದ್ದೆ.

"ಎಳೀಬೇಡಿ ಮಾರಾಯ್ರೆ!"

ಕಲ್ಲಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದವರು ಓಡಿ ಬಂದರು. ಹೆಗಲ ಬೈರಾಸನ್ನು (ಟವೆಲ್) ನಾಯಿಯ ಕಣ್ಣಿಗೆ ಮುಚ್ಚಿದರು. "ಎಂತ ಆತಿಲ್ಲೆ ಮಗಾ" ಅಂತ ತಲೆ ಸವರಿದರು. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತದಲ್ಲ, ಎಳೆದರೆ ಮಾಂಸ ಹರಿಯುತ್ತದಂತೆ. ಅವರು ಮೊನೆಯನ್ನು ಮುಂದಕ್ಕೇ ತಳ್ಳಿದರು. ಹೊರಬಂದ ಮುಳ್ಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ಜಾರಿಸಿದರು. ಎರಡು ನಿಮಿಷವೂ ಆಗಲಿಲ್ಲ. ನನ್ನ ಕಾಲಿನ ನಡುಕ ನಿಲ್ಲೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ದುಡ್ಡು ಮುಟ್ಟಲಿಲ್ಲ. ಕತ್ತರಿಸಿದ ಚೂರನ್ನು ಮರಳಲ್ಲಿ ಹುಡುಕಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಇನ್ಯಾರ ಕಾಲಿಗೂ ಚುಚ್ಚಬಾರದಲ್ವಾ. "ನಾಳೆ ಡಾಕ್ಟ್ರಿಗೆ ತೋರ್ಸಿ" ಅಂದು ಹೋದರು. ತೋರಿಸಿದೆವು. ಗಾಯ ಒಣಗುತ್ತಿದೆ.

ಹೆಸರು ಕೇಳುವುದೇ ಮರೆತೆ. ಅಣ್ಣಾ, ನಿಮ್ಮ ಬೈರಾಸು ನಮ್ಮಲ್ಲೇ ಉಳಿದಿದೆ, ಒಗೆದಿಟ್ಟಿದ್ದೇನೆ. ಬನ್ನಿ, ಒಂದು ಚಾ ಕುಡಿದು ತಗೊಂಡು ಹೋಗಿ.