ಮೈಸೂರು ಲ್ಯಾನ್ಸರ್ಸ್ ಮುಖಗಳನ್ನು ಹುಡುಕಿಸಿ: ಸಂಸ್ಕೃತಿ ಸಚಿವರಿಗೆ ಒಬ್ಬ ಹಳೇ ಆಪರೇಟರ್‌ನ ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ನಾನು ಟೂರಿಂಗ್ ಟಾಕೀಸಿನಲ್ಲಿ ಹದಿನಾಲ್ಕು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಟೆಂಟ್ ಹೋಯಿತು, ರೀಲೂ ಹೋಯಿತು, ಚಟ ಮಾತ್ರ ಹೋಗಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ಮೊಮ್ಮಗನ ಲ್ಯಾಪ್‌ಟಾಪ್ ತೆಗೆದು ಹಳೇ ಫಿಲ್ಮು ನೋಡುತ್ತಾ ಕೂರುತ್ತೇನೆ. ಹಾಗೆ ನೋಡಿದ ಒಂದು ತುಣುಕು ನನ್ನಿಂದ ಈ ಪತ್ರ ಬರೆಸುತ್ತಿದೆ.

1919ರ ಫೆಬ್ರುವರಿ 17, ನ್ಯೂಯಾರ್ಕ್. ಮೊದಲ ಮಹಾಯುದ್ಧ ಮುಗಿಸಿಕೊಂಡು ಅಮೆರಿಕದ 369ನೇ ಪದಾತಿ ದಳ ಊರಿಗೆ ಬಂದಿದೆ. ಸಿಪಾಯಿಗಳೆಲ್ಲ ಕಪ್ಪು ಜನ, ಬಹಳಷ್ಟು ಮಂದಿ ಆ ಊರಿನದೇ ಹಾರ್ಲೆಮ್ ಬಡಾವಣೆಯ ಕಡೆಯವರು. ಫ್ರಾನ್ಸಿನಲ್ಲಿ 191 ದಿನ ಮುಂಚೂಣಿಯಲ್ಲಿ ನಿಂತವರು. ಯುದ್ಧಕ್ಕೆ ಹೋಗುವ ಮುನ್ನ ಬೀಳ್ಕೊಡುಗೆ ಮೆರವಣಿಗೆಯಲ್ಲಿ ಇವರಿಗೆ ಜಾಗ ಕೊಟ್ಟಿರಲಿಲ್ಲ. ವಾಪಸು ಬಂದ ದಿನ ಫಿಫ್ತ್ ಅವೆನ್ಯೂ ತುಂಬ ಇವರೇ. ತಲೆಗೆ ಉಕ್ಕಿನ ಟೋಪಿ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಭುಜಕ್ಕೆ ಭುಜ ತಾಗಿಸಿದ ಸಾಲು.

ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಆ ಕಾಲದಲ್ಲಿ ಕ್ಯಾಮೆರಾದ ಹಿಡಿ ಕೈಯಲ್ಲಿ ತಿರುಗಿಸಿ ಸೆಕೆಂಡಿಗೆ ಹದಿನಾರೋ ಹದಿನೆಂಟೋ ಫ್ರೇಮು ತೆಗೆಯುತ್ತಿದ್ದರು. ಅದನ್ನೇ ಇಪ್ಪತ್ನಾಲ್ಕರಲ್ಲಿ ಓಡಿಸಿದರೆ ಎಂಥ ಶೂರನೂ ಕೋಳಿಯ ಹಾಗೆ ಪುಟುಪುಟು ನಡೆಯುತ್ತಾನೆ. ಮೊಮ್ಮಗನಿಗೆ ಹೇಳಿ ವೇಗ ಇಳಿಸಿದೆ. ಆಗ ಹೆಜ್ಜೆಗೆ ತೂಕ ಬಂತು, ಒಬ್ಬೊಬ್ಬನ ಮುಖವೂ ಬೇರೆಬೇರೆ ಕಾಣಿಸಿತು. ಮುಂದೆ ಜೇಮ್ಸ್ ರೀಸ್ ಯೂರೋಪ್ ಅವರ ಬ್ಯಾಂಡು. ಫ್ರಾನ್ಸಿನವರಿಗೆ ಜಾಜ್ ರುಚಿ ಹತ್ತಿಸಿದ ಬ್ಯಾಂಡು ಅದು, ಆದರೆ ಮೂಕಿ ಫಿಲ್ಮಿನಲ್ಲಿ ಒಂದು ಸ್ವರವೂ ಕೇಳುವುದಿಲ್ಲ. ಮೂರು ತಿಂಗಳೂ ತುಂಬುವ ಮೊದಲೇ ಅದೇ ಬ್ಯಾಂಡಿನ ಡ್ರಮ್ ಬಾರಿಸುವವನು ಇರಿದು ಯೂರೋಪ್ ತೀರಿಕೊಂಡರು. ಫಿಲ್ಮಿನಲ್ಲಿ ಇನ್ನೂ ನಡೆಯುತ್ತಲೇ ಇದ್ದಾರೆ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ, ಸ್ವಾಮಿ. ಮೈಸೂರು ಲ್ಯಾನ್ಸರ್ಸ್ ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ. ಅದೇ ಯುದ್ಧಕ್ಕೆ 1914ರಲ್ಲಿ ಬೆಂಗಳೂರು ಬಿಟ್ಟು ಈಜಿಪ್ಟಿಗೆ ಹೋದರು. ಸೂಯೆಜ್ ಕಾಲುವೆ ಕಾದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಊರನ್ನು ಗೆದ್ದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಈಟಿ. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಕುದುರೆ ಹತ್ತಿಸಿದ್ದು ಮೈಸೂರಿನವರು. ಊರಿಗೆ ಮರಳಿದ್ದು 1920ರಲ್ಲಿ. ಐದು ವರ್ಷ ದಾಟಿತ್ತು. ಬಿಟ್ಟು ಹೋದಾಗ ತೊಟ್ಟಿಲಲ್ಲಿದ್ದ ಮಗು ಅಪ್ಪನನ್ನು ನೋಡಿ ಅಜ್ಜಿಯ ಸೆರಗು ಹಿಡಿದಿರಬೇಕು.

ದೆಹಲಿಯಲ್ಲಿ ಅವರಿಗೆ ತೀನ್ ಮೂರ್ತಿ ಸ್ಮಾರಕ ಇದೆ: ಜೋಧಪುರ, ಮೈಸೂರು, ಹೈದರಾಬಾದ್, ಮೂರಕ್ಕೆ ಮೂರು ಪ್ರತಿಮೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಸ್ಮಾರಕ ಇದೆ. ಆಟೋದವನಿಗೆ ಹೆಸರು ಹೇಳಿದರೆ "ಯಾವ್ ಬಾರ್ ಸಾರ್?" ಅಂತಾನೆ. ತಪ್ಪು ಅವನದಲ್ಲ. ಕಲ್ಲು ತೋರಿಸಬಹುದು, ಮುಖ ತೋರಿಸಲು ನಮ್ಮ ಹತ್ತಿರ ಏನಿದೆ?

ನಮ್ಮ ದೇಶಕ್ಕೆ ಕ್ಯಾಮೆರಾ ತಡವಾಗಿ ಬಂತು ಎನ್ನುವ ಹಾಗೂ ಇಲ್ಲ. 1901ರಲ್ಲೇ, ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೊದಲಿಗರಾಗಿ ಬಂದ ಆರ್.ಪಿ. ಪರಾಂಜಪೆ ಮುಂಬೈಗೆ ಬಂದಿಳಿದದ್ದನ್ನು ಸಾವೇ ದಾದಾ ಎಂದೇ ಹೆಸರಾದ ಭಾಟವಡೇಕರ್ ಚಿತ್ರಿಸಿದರು. ನಮ್ಮ ಮೊದಲ ಸುದ್ದಿಚಿತ್ರ ಎಂದು ಅದನ್ನೇ ಹೇಳುತ್ತಾರೆ. ಊರಿಗೆ ಮರಳಿದವನ ಸ್ವಾಗತವನ್ನೇ ನಾವು ಮೊದಲು ಸುದ್ದಿಚಿತ್ರಕ್ಕೆ ಇಳಿಸಿದವರು, ನೋಡಿ.

ಪ್ಯಾಲೆಸ್ಟೈನಿನ ಯುದ್ಧಭೂಮಿಯಲ್ಲೂ ಕ್ಯಾಮೆರಾ ಇತ್ತು. 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನೆಯ ಜನರಲ್ ಅಲೆನ್‌ಬಿ ಜೆರುಸಲೇಮಿಗೆ ಕಾಲ್ನಡಿಗೆಯಲ್ಲಿ ಹೋದ ಫಿಲ್ಮು ಈಗಲೂ ಇದೆ. ಆ ರಂಗದಲ್ಲಿ ತೆಗೆದ ಸರ್ಕಾರಿ ಫಿಲ್ಮುಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ನನ್ನ ಬೇಡಿಕೆ ಇಷ್ಟೇ: ಇಲಾಖೆಯಿಂದ ಒಬ್ಬರು, ಅಶ್ವದಳದಿಂದ ನಿವೃತ್ತರಾದ ಒಬ್ಬರು ಅಲ್ಲಿ ಒಂದು ತಿಂಗಳು ಕೂತು ಆ ಫಿಲ್ಮುಗಳನ್ನು ಫ್ರೇಮು ಫ್ರೇಮಾಗಿ ನೋಡಲಿ. ಕುದುರೆಗೆ ಜೀನು ಹಾಕಿರುವ ರೀತಿ, ರುಮಾಲು ಸುತ್ತಿರುವ ರೀತಿ, ಬ್ಯಾಡ್ಜಿನ ಗಂಡಭೇರುಂಡ. ಗೊತ್ತಿದ್ದವರಿಗೆ ಅಷ್ಟು ಸಾಕು. ಮೈಸೂರು ಲ್ಯಾನ್ಸರ್ಸ್ ಕೂಡಿಕೊಂಡ 61ನೇ ಅಶ್ವದಳ ಈಗಲೂ ಜೈಪುರದಲ್ಲಿ ಕುದುರೆ ಮೇಲೇ ಇದೆ, ಅಲ್ಲಿ ಕೇಳಿದರೆ ಆಳು ಸಿಗದೆ ಇರುವುದಿಲ್ಲ. ಜೊತೆಗೆ ಬೆಂಗಳೂರು, ಮೈಸೂರಿನ ಹಳೇ ಮನೆಗಳಲ್ಲಿ ಅಟ್ಟದ ಮೇಲಿರುವ ಫೋಟೋ, ಪದಕ, ರೀಲು ತಂದು ತೋರಿಸಿ ಎಂದು ಒಂದು ಪ್ರಕಟಣೆ ಕೊಡಿ. ಕಿತ್ತುಕೊಳ್ಳುವುದಿಲ್ಲ, ಸ್ಕ್ಯಾನ್ ಮಾಡಿ ವಾಪಸು ಕೊಡುತ್ತೇವೆ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿ, ಇಲ್ಲದಿದ್ದರೆ ಯಾರೂ ತರುವುದಿಲ್ಲ.

ಅವಸರಕ್ಕೆ ಕಾರಣ ಇದೆ. ಒಮ್ಮೆ ಒಂದು ಕಚೇರಿಯ ಗೋಡೌನಿನಲ್ಲಿ ರೀಲಿನ ಡಬ್ಬಿಗಳನ್ನು ತೂಕಕ್ಕೆ ಹಾಕುತ್ತಿದ್ದರು. ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯಲು ಗುಜರಿಯವನು ಕೊಳ್ಳುತ್ತಿದ್ದ. ಒಂದು ಡಬ್ಬಿ ಮುಚ್ಚಳ ತೆಗೆದೆ, ವಿನಿಗರ್ ಘಾಟು ಮೂಗಿಗೆ ಹೊಡೆಯಿತು. ಅಸಿಟೇಟ್ ಫಿಲ್ಮು ಕೊಳೆಯುವ ವಾಸನೆ ಅದು. ಸುರುಳಿ ಹಪ್ಪಳದಂತೆ ಸೆಟೆದುಕೊಂಡಿತ್ತು. ಬಿಡಿಸಲು ಹೋದರೆ ಬೆರಳಲ್ಲೇ ಮುರಿಯಿತು.

ರೀಲು ಸಿಕ್ಕರೆ ಹೇಳಿಕಳಿಸಿ. ಫಿಲ್ಮು ಅಂಟಿಸುವ ಸ್ಪ್ಲೈಸರ್ ನನ್ನ ಟ್ರಂಕಿನಲ್ಲೇ ಇದೆ, ಕೈ ಇನ್ನೂ ನಡುಗುವುದಿಲ್ಲ. ಬಸ್ ಚಾರ್ಜೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೇ ಆಪರೇಟರ್